ಚರ್ಮವ್ಯಾಧಿಯ ಮಕ್ಕಳೂ ಶಿಷ್ಯವೃತ್ತಿಯೂ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಚಂಪೂಕಾವ್ಯವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಊಹಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಲ ನಾನು ಆರಿಸಿಕೊಂಡಿರುವ ವಿಷಯ ಮಕ್ಕಳ ಚರ್ಮರೋಗಗಳ ಸಂಶೋಧನೆಗೆ ಸಲ್ಲುವ ಧನಸಹಾಯ ಮತ್ತು ಶಿಷ್ಯವೃತ್ತಿ. ವೈದ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಶಬ್ದಾರ್ಥದಲ್ಲಿ ಸ್ವಲ್ಪ ಪರಿಶ್ರಮವುಂಟು. ಮಕ್ಕಳ ನಡುವೆ ಮೂವತ್ತು ವರ್ಷ ಬಾಳಿದ ಅನುಭವವುಂಟು. ಇವೆರಡರ ಬಲದಿಂದ ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ನಮ್ಮ ಶಾಸನಗಳನ್ನು ಓದಿದವರಿಗೆ ‘ವೃತ್ತಿ’ ಎಂಬ ಶಬ್ದ ಅಪರಿಚಿತವಲ್ಲ. ಇಂದು ಅದಕ್ಕೆ ಕಸುಬು ಎಂಬ ಅರ್ಥವೇ ಬಳಕೆಯಲ್ಲಿ ಹೆಚ್ಚಾಗಿದ್ದರೂ, ಶಾಸನಗಳಲ್ಲಿ ಅದು ವಿದ್ವಾಂಸರ ಜೀವನ ನಿರ್ವಹಣೆಗೆಂದು ಬಿಟ್ಟುಕೊಟ್ಟ ಭೂಮಿಯ ಪಾಲು. ಓದುವವನೂ ಓದಿಸುವವನೂ ನಾಳಿನ ಅನ್ನದ ಚಿಂತೆಯಿಲ್ಲದೆ ಗ್ರಂಥದ ಮುಂದೆ ಕುಳಿತುಕೊಳ್ಳಲೆಂದು ದಾನಿಯು ಕೊಟ್ಟದ್ದು ಅದು. ‘ಶಿಷ್ಯವೃತ್ತಿ’ ಎಂಬ ಮಾತಿನ ಬೆನ್ನಿಗೆ ಈ ಹಳೆಯ ಅರ್ಥವೇ ನಿಂತಿದೆ. ‘ಅನುದಾನ’ವೂ ಅಂಥದೇ. ‘ಅನು’ ಎಂಬ ಉಪಸರ್ಗಕ್ಕೆ ಹಿಂದೆ, ಜೊತೆಗೆ, ಎಡೆಬಿಡದೆ ಎಂಬ ಅರ್ಥಚ್ಛಾಯೆಗಳಿವೆ. ಒಮ್ಮೆ ಕೊಟ್ಟು ಮರೆತದ್ದು ಅನುದಾನವಾಗಲಾರದು. ಕೆಲಸದ ಜೊತೆಯಲ್ಲಿ ಕೊನೆಯವರೆಗೂ ನಡೆದು ಬರುವುದೇ ಅನುದಾನ. ಈ ಶಬ್ದಗಳ ಪೂರ್ಣಾರ್ಥ ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಒಬ್ಬ ವಿದ್ಯಾರ್ಥಿಯ ಅಂಗೈಯಿಂದ.

ಹನ್ನೆರಡು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದು ಸೇರಿದನು. ಹಳಗನ್ನಡದ ಪದ್ಯವನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ತಾನೇ ಹೇಳುವಷ್ಟು ಮೇಧಾವಿ. ಆದರೆ ಬರೆಯಲು ಕುಳಿತನೆಂದರೆ ಅರ್ಧ ಪುಟ ಮುಗಿಯುವಷ್ಟರಲ್ಲಿ ಲೇಖನಿ ತಾಗಿದ ಬೆರಳಿನಲ್ಲಿ ನೀರ್ಗುಳ್ಳೆ ಏಳುತ್ತಿತ್ತು. ಬೇಸಗೆ ಬಂತೆಂದರೆ ಅಂಗಾಲಿನಲ್ಲಿ ಬೊಬ್ಬೆಗಳೆದ್ದು ನಡೆಯುವುದೇ ದುಸ್ತರವಾಗುತ್ತಿತ್ತು. ಇದು ಅಂಟುರೋಗವೆಂಬ ಗುಸುಗುಸು ಹಬ್ಬಲು ಬಹಳ ದಿನ ಬೇಕಾಗಲಿಲ್ಲ. ಊಟದ ಪಂಕ್ತಿಯಲ್ಲಿ ಅವನ ಎಡಬಲದ ಎರಡು ಮಣೆಗಳು ಖಾಲಿ ಉಳಿಯತೊಡಗಿದವು. ಕೆಲವು ಪಾಲಕರು ಹುಡುಗನನ್ನು ಬೇರೆ ಕೂರಿಸಬೇಕೆಂದು ಬಂದು ಕೇಳಿದರು. ಮನೆಯಲ್ಲಿಯಾದರೂ ನೆಮ್ಮದಿಯಿತ್ತೆ? ಬಸುರಿಯಾಗಿದ್ದಾಗ ಗ್ರಹಣವನ್ನು ನೋಡಿದಳೆಂದು ಅವನ ತಾಯಿಯನ್ನು ಬಂಧುಗಳು ಹದಿಮೂರು ವರ್ಷಗಳಿಂದ ದೂಷಿಸುತ್ತಲೇ ಇದ್ದರು.

ನಗರದ ಆಸ್ಪತ್ರೆಯೊಂದರಲ್ಲಿ ಮಕ್ಕಳ ಚರ್ಮರೋಗಗಳಲ್ಲಿ ವಿಶೇಷ ಶಿಕ್ಷಣ ಪಡೆದ ತರುಣ ವೈದ್ಯೆಯೊಬ್ಬರಿರುವರೆಂದು ತಿಳಿದು, ತಂದೆತಾಯಿಗಳೊಡನೆ ನಾನೂ ಹುಡುಗನನ್ನು ಕರೆದುಕೊಂಡು ಹೋದೆನು. ಆಕೆ ಹುಡುಗನ ಕೈಕಾಲುಗಳನ್ನು ನೋಡಿದ ಮೇಲೆ ತಂದೆಯ ಕಡೆಗೆ ತಿರುಗಿ, ನಿಮ್ಮ ಪಾದಗಳನ್ನು ತೋರಿಸಿರಿ ಎಂದರು. ಅವರ ಅಂಗಾಲಿನಲ್ಲಿಯೂ ದಡ್ಡುಗಟ್ಟಿದ ಹಳೆಯ ಗುರುತುಗಳಿದ್ದವು. ತಂದೆ ಅದನ್ನು ಹೊಲದ ಕೆಲಸದ ಫಲವೆಂದೇ ತಿಳಿದಿದ್ದರು. ಆಗ ವೈದ್ಯೆ ವಿವರಿಸಿದರು: ಇದು ಅಂಟುರೋಗವಲ್ಲ, ವಂಶವಾಹಿಯಾಗಿ ಬಂದದ್ದು. ತಂದೆಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯ ತಪ್ಪೂ ಇಲ್ಲ, ತಂದೆಯ ತಪ್ಪೂ ಇಲ್ಲ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ‘ಕೆರಾಟಿನ್’ ಎಂಬ ದ್ರವ್ಯದ ಪಾಠದಲ್ಲಿ ಒಂದೇ ಒಂದು ಅಕ್ಷರ ತಪ್ಪಾದರೂ ಹೀಗಾಗುತ್ತದೆ.

ಒಂದು ಅಕ್ಷರದ ತಪ್ಪು ಎಂದೊಡನೆ ನನ್ನಂಥವನಿಗೆ ವಿಷಯ ಮನಸ್ಸಿಗೆ ಬಂತು. ತಾಳೆಯೋಲೆಯಲ್ಲಿ ಲಿಪಿಕಾರನು ಒಂದಕ್ಷರ ತಪ್ಪಿ ಬರೆದರೆ, ಅದನ್ನು ನೋಡಿ ಪ್ರತಿಮಾಡಿದ ಓಲೆಗಳಲ್ಲೆಲ್ಲ ಆ ತಪ್ಪು ಮುಂದುವರಿಯುವುದನ್ನು ನಾವು ಬಲ್ಲೆವು. ವೈದ್ಯೆ ಕೊಟ್ಟ ಪತ್ರವನ್ನು ಮುಖ್ಯೋಪಾಧ್ಯಾಯರು ಮರುದಿನ ಪ್ರಾರ್ಥನೆಯಲ್ಲಿ ಓದಿ ಹೇಳಿದರು. ಒಂದು ವಾರದೊಳಗೆ ಆ ಎರಡು ಮಣೆಗಳು ತುಂಬಿದವು. ಔಷಧವಿನ್ನೂ ಇರಲಿಲ್ಲ. ಆದರೂ ತಾಯಿಯ ತಲೆಯ ಮೇಲಿನ ಹದಿಮೂರು ವರ್ಷದ ಅಪವಾದ ಇಳಿಯಿತು. ಮಕ್ಕಳ ಚರ್ಮರೋಗಗಳ ಅಭ್ಯಾಸಕ್ಕೆಂದೇ ಎರಡು ವರ್ಷ ಒಂದು ಶಿಷ್ಯವೃತ್ತಿ ದೊರೆಯದೆ ಹೋಗಿದ್ದರೆ ತಾನು ಸಾಮಾನ್ಯ ಚಿಕಿತ್ಸಾಲಯವೊಂದನ್ನು ತೆರೆದುಕೊಂಡಿರುತ್ತಿದ್ದೆನೆಂದೂ, ಈ ರೋಗವನ್ನು ಗುರುತಿಸುತ್ತಿದ್ದೆನೋ ಇಲ್ಲವೋ ಹೇಳಲಾರೆನೆಂದೂ ಆ ವೈದ್ಯೆ ಮಾತಿನ ನಡುವೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಆಗಿನಿಂದ, ಈ ಜ್ಞಾನ ಯಾರ ಅನ್ನವುಂಡು ಹುಟ್ಟಿತು ಎಂಬುದನ್ನು ತಿಳಿಯುವುದು ನನಗೊಂದು ವ್ಯಾಸಂಗವೇ ಆಯಿತು.

ಈ ರೋಗದ ಹೆಸರು ಎಪಿಡರ್ಮೊಲಿಸಿಸ್ ಬುಲ್ಲೋಸಾ. ನಮ್ಮ ಚರ್ಮ ಪದರಪದರವಾಗಿದೆ. ಆ ಪದರಗಳನ್ನು ಒಂದಕ್ಕೊಂದು ಬಿಗಿಯುವ ಸೂಕ್ಷ್ಮ ತಂತುಗಳಿವೆ. ಓಲೆಕಟ್ಟಿನ ದಾರ ಕಡಿದರೆ ಗರಿಗಳು ಜಾರುವಂತೆ, ಈ ತಂತುಗಳಲ್ಲಿ ದೋಷವಿದ್ದರೆ ಅಲ್ಪ ಘರ್ಷಣೆಗೂ ಚರ್ಮ ಸುಲಿದು ಬರುತ್ತದೆ. ಮೇಲ್ಪದರದೊಳಗಿನ ಕೆರಾಟಿನ್ ಕೆಟ್ಟರೆ ನನ್ನ ವಿದ್ಯಾರ್ಥಿಗಿದ್ದಂಥ ಸೌಮ್ಯರೂಪ. ಎರಡು ಪದರಗಳ ಸಂಧಿಯಲ್ಲಿರುವ ಲ್ಯಾಮಿನಿನ್ ಕೆಟ್ಟರೆ ಘೋರರೂಪ. ಅದಕ್ಕೂ ಕೆಳಗೆ ಲಂಗರಿನಂತೆ ಹಿಡಿದಿರುವ 7ನೆಯ ಬಗೆಯ ಕೊಲಾಜನ್ ಕೆಟ್ಟರೆ ಗಾಯಗಳು ಮಾಯದೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಯೌವನದಲ್ಲಿಯೇ ಚರ್ಮದ ಕ್ಯಾನ್ಸರ್ ಬರುವುದೂ ಉಂಟು. ಚಿಟ್ಟೆಯ ರೆಕ್ಕೆಯಷ್ಟು ನವಿರಾದ ಚರ್ಮವೆಂದು ಪಾಶ್ಚಾತ್ಯರು ಇಂಥವರನ್ನು ಚಿಟ್ಟೆಮಕ್ಕಳೆಂದು ಕರೆಯುತ್ತಾರೆ. ಅಮೆರಿಕದ ಸರ್ಕಾರದ ಧನಸಹಾಯದಿಂದ 1986ರಲ್ಲಿ ಆರಂಭವಾದ ರಾಷ್ಟ್ರೀಯ ದಾಖಲೆ ಪುಸ್ತಕದ ಆಧಾರದ ಮೇಲೆ, ಅಲ್ಲಿ ಹುಟ್ಟುವ ಹತ್ತು ಲಕ್ಷ ಶಿಶುಗಳಲ್ಲಿ ಸುಮಾರು 20 ಶಿಶುಗಳಿಗೆ ಈ ರೋಗದ ಒಂದಲ್ಲ ಒಂದು ರೂಪವಿರುತ್ತದೆಂದು ಲೆಕ್ಕ ಹಾಕಿದ್ದಾರೆ.

ಹತ್ತು ಲಕ್ಷಕ್ಕೆ ಇಪ್ಪತ್ತು! ಕಷ್ಟವೆಲ್ಲ ಈ ಸಂಖ್ಯೆಯಲ್ಲಿಯೇ ಅಡಗಿದೆ. ಔಷಧ ತಯಾರಿಸುವ ವರ್ತಕನು ಕೊಳ್ಳುವವರ ಸಂಖ್ಯೆಯನ್ನು ನೋಡುತ್ತಾನೆ; ಅದು ಅವನ ಧರ್ಮ. ವಿರಳವಾದ ರೋಗಕ್ಕೆ, ಅದರಲ್ಲಿಯೂ ಮಕ್ಕಳ ರೋಗಕ್ಕೆ, ಪೇಟೆಯೆಂಬುದಿಲ್ಲ. ಪೇಟೆಯಿಲ್ಲದ ಕಡೆ ಮೊದಲ ಹಣವನ್ನು ಇಡುವವನು ದಾನಿಯೊಬ್ಬನೇ.

ಇಂಗ್ಲೆಂಡಿನಲ್ಲಿ ಆ ಮೊದಲ ಹೆಜ್ಜೆಯನ್ನಿಟ್ಟವರು ಶ್ರೀಮಂತರಲ್ಲ, ಒಬ್ಬ ತಾಯಿ. ಫಿಲ್ಲಿಸ್ ಹಿಲ್ಟನ್ ಎಂಬ ಆಕೆಯ ಮಗಳು ಡೆಬ್ರಾಳಿಗೆ ಈ ರೋಗವಿತ್ತು. ಮಗುವಿನ ಹೆಸರನ್ನೇ ಇಟ್ಟು 1978ರಲ್ಲಿ ಆಕೆ ಆರಂಭಿಸಿದ ಸಂಸ್ಥೆ, ಈ ರೋಗಿಗಳಿಗಾಗಿ ಲೋಕದಲ್ಲಿಯೇ ಮೊದಲು ಹುಟ್ಟಿದ ಸಂಸ್ಥೆ. ಇಂದು ಅದೇ ಹೆಸರಿನ ಸಂಘಗಳು ಅನೇಕ ದೇಶಗಳಲ್ಲಿವೆ. ಒಂದು ಕೈಯಿಂದ ಗಾಯಕ್ಕೆ ಬಟ್ಟೆ ಕಟ್ಟುವ ದಾದಿಯರನ್ನು ಮನೆಗೆ ಕಳುಹಿಸುವುದು, ಇನ್ನೊಂದು ಕೈಯಿಂದ ಸಂಶೋಧಕರಿಗೆ ಅನುದಾನ ಕೊಡುವುದು, ಹೀಗೆ ಎರಡೂ ಕೆಲಸಗಳನ್ನು ಅವು ಒಟ್ಟಿಗೆ ನಡೆಸಿಕೊಂಡು ಬಂದಿವೆ. ಇಂದಿನ ನೋವಿಗೂ ನಾಳಿನ ಪರಿಹಾರಕ್ಕೂ ಒಂದೇ ಭಂಡಾರದಿಂದ ಕೊಡುವುದು ದಾನಧರ್ಮದ ಉತ್ತಮ ಮಾದರಿಯೆಂದು ನನ್ನ ಭಾವನೆ.

ಇನ್ನು ವಿದ್ಯೆಯ ಕಡೆಗೆ ಬರೋಣ. ಚರ್ಮವನ್ನು ದೇಹದ ಹೊರಗೆ ಬೆಳೆಸಬಹುದೆಂದು ತೋರಿಸಿದವರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಹೊವಾರ್ಡ್ ಗ್ರೀನ್ ಮತ್ತು ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್. ಅವರ ಪ್ರಬಂಧ ಪ್ರಕಟವಾದುದು 1975ರಲ್ಲಿ. ಸ್ವಾರಸ್ಯವೆಂದರೆ ಅವರು ಹೊರಟದ್ದು ಚರ್ಮವನ್ನು ಅರಸಿಕೊಂಡಲ್ಲ. ಇಲಿಯ ಒಂದು ಬಗೆಯ ಗಡ್ಡೆಯ ಜೀವಕೋಶಗಳನ್ನು ಬೆಳೆಸುತ್ತಿದ್ದಾಗ, ಅವುಗಳ ನಡುವೆ ಚರ್ಮದ ಕೋಶಗಳು ಗುಂಪುಗುಂಪಾಗಿ ಬೆಳೆದಿರುವುದು ಕಣ್ಣಿಗೆ ಬಿದ್ದಿತು. ಅದನ್ನು ಅಲಕ್ಷಿಸದೆ ಹಿಂಬಾಲಿಸಿದರು. ಎಂಟು ವರ್ಷಗಳ ಮೇಲೆ, 1983ರಲ್ಲಿ, ವಯೋಮಿಂಗ್ ಪ್ರಾಂತದಲ್ಲಿ 5 ಮತ್ತು 6 ವರ್ಷದ ಇಬ್ಬರು ಸೋದರರು ದೇಹದ ಶೇಕಡಾ 95ಕ್ಕೂ ಹೆಚ್ಚು ಭಾಗ ಸುಟ್ಟು, ಬೋಸ್ಟನ್ನಿನ ಶ್ರೈನರ್ಸ್ ಮಕ್ಕಳ ಸುಟ್ಟಗಾಯದ ಆಸ್ಪತ್ರೆಗೆ ಬಂದರು. ಉಳಿದಿದ್ದ ಚರ್ಮದ ಚಿಕ್ಕ ತುಣುಕನ್ನು ಗ್ರೀನ್ ಅವರ ಪ್ರಯೋಗಶಾಲೆಯಲ್ಲಿ ಹಾಳೆಹಾಳೆಯಾಗಿ ಬೆಳೆಸಿ ಮಕ್ಕಳ ಮೈಗೆ ಹೊದಿಸಿದರು, ಇಬ್ಬರೂ ಬದುಕಿದರು. ಆ ಆಸ್ಪತ್ರೆಯೂ ಒಂದು ಸೋದರ ಸಂಘದ ದಾನಿಗಳ ಹಣದಿಂದ ನಡೆಯುವಂಥದೇ. ಎಂಟು ವರ್ಷ ಮೊದಲೇ, ಗಡ್ಡೆಯ ಕೋಶಗಳಿಂದ ಯಾವ ಮಗುವಿಗೆ ಪ್ರಯೋಜನವೆಂದು ಕೇಳಿ ಧನಸಹಾಯವನ್ನು ನಿಲ್ಲಿಸಿದ್ದರೆ ಈ ಮಕ್ಕಳ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಅದೇ ಗ್ರೀನ್ ಅವರ ಬಳಿ ಎಪ್ಪತ್ತರ ದಶಕದ ಕೊನೆಯಲ್ಲಿ ಸಂಶೋಧನೆಗೆ ಬಂದ ಎಲೇನ್ ಫ್ಯೂಕ್ಸ್ ಎಂಬ ವಿದುಷಿ ಕೆರಾಟಿನ್ನಿನ ಅಭ್ಯಾಸವನ್ನು ಕೈಗೊಂಡರು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಇಲಿಗಳಲ್ಲಿ ದೋಷಯುಕ್ತ ಕೆರಾಟಿನ್ನನ್ನು ಉಂಟುಮಾಡಿದಾಗ ಇಲಿಮರಿಗಳ ಚರ್ಮದಲ್ಲಿ ಬೊಬ್ಬೆಗಳೆದ್ದವು. ಈ ಲಕ್ಷಣ ಮನುಷ್ಯರ ಯಾವ ರೋಗದ್ದೆಂದು ಚರ್ಮವೈದ್ಯದ ಗ್ರಂಥಗಳಲ್ಲಿ ಹುಡುಕಿದಾಗ ಈ ರೋಗದ ಸೌಮ್ಯರೂಪ ಸಿಕ್ಕಿತು. ರೋಗಿಗಳಲ್ಲಿ ಪರೀಕ್ಷಿಸಲಾಗಿ, 14ನೆಯ ಬಗೆಯ ಕೆರಾಟಿನ್ನಿನಲ್ಲಿ 125ನೆಯ ಸ್ಥಾನದ ಒಂದು ಘಟಕ ಬದಲಾಗಿರುವುದು 1991ರಲ್ಲಿ ಸಿದ್ಧವಾಯಿತು. ಮೊದಲು ರೋಗ, ಆಮೇಲೆ ಕಾರಣ ಎಂಬುದು ಲೋಕದ ಕ್ರಮ. ಇಲ್ಲಿ ಕಾರಣವೇ ಮೊದಲು ಸಿಕ್ಕಿ ರೋಗ ಆಮೇಲೆ ದೊರೆಯಿತು. ಆ ನಗರದ ವೈದ್ಯೆ ನಮಗೆ ಹೇಳಿದ ‘ಒಂದು ಅಕ್ಷರ’ದ ಮೂಲ ಇಂಥ ಶೋಧಗಳಲ್ಲಿದೆ.

ಗ್ರೀನ್ ಅವರ ವಿದ್ಯೆ ಇನ್ನೊಂದು ಕವಲಾಗಿ ಇಟಲಿಗೆ ಹೋಯಿತು. ಮೊದೆನಾ ನಗರದ ಮಿಕೇಲೆ ದೆ ಲೂಕಾ ಮತ್ತು ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಅವರು, ರೋಗಿಯ ಚರ್ಮಕೋಶಗಳನ್ನು ತೆಗೆದು, ತಪ್ಪಾದ ಪಾಠದ ಜಾಗಕ್ಕೆ ಶುದ್ಧಪಾಠವನ್ನು ಒದಗಿಸಿ, ಹಾಳೆಯಾಗಿ ಬೆಳೆಸಿ ಮತ್ತೆ ಅಂಟಿಸುವ ಮಾರ್ಗವನ್ನು ಹಿಡಿದರು. ಒಬ್ಬ ವಯಸ್ಕ ರೋಗಿಯ ಕಾಲುಗಳ ಮೇಲೆ ಮಾಡಿದ ಮೊದಲ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷಗಳ ತರುವಾಯ, 2015ರಲ್ಲಿ, ಜರ್ಮನಿಯ ಬೋಖುಮ್ ನಗರದ ಆಸ್ಪತ್ರೆಗೆ ಸಿರಿಯಾ ದೇಶದಿಂದ ಆಶ್ರಯ ಅರಸಿ ಬಂದಿದ್ದ ಕುಟುಂಬದ 7 ವರ್ಷದ ಬಾಲಕನೊಬ್ಬನು ಸೇರಿದನು. ಲ್ಯಾಮಿನಿನ್ ಕೆಟ್ಟ ಘೋರರೂಪದ ರೋಗ. ಮೈಯ ಶೇಕಡಾ 60ರಷ್ಟು ಚರ್ಮ ಹೋಗಿತ್ತು. ವೈದ್ಯರಲ್ಲಿ ಆಸೆ ಉಳಿದಿರಲಿಲ್ಲ. ಅವನ ಮೈಯ 4 ಚದರ ಸೆಂಟಿಮೀಟರ್ ಚರ್ಮ ಮೊದೆನಾಕ್ಕೆ ಹೋಯಿತು. ಅಲ್ಲಿ ತಿದ್ದಿ ಬೆಳೆಸಿದ ಹಾಳೆಗಳು ಮರಳಿ ಬಂದವು. ಮೂರು ಶಸ್ತ್ರಚಿಕಿತ್ಸೆಗಳಲ್ಲಿ ದೇಹದ ಶೇಕಡಾ 80ರಷ್ಟು ಭಾಗಕ್ಕೆ ಹೊಸ ಚರ್ಮ ಬಂದಿತು. ಹುಡುಗ ಶಾಲೆಗೆ ಹೋದನು. ವಿವರಗಳು 2017ರಲ್ಲಿ ಪ್ರಕಟವಾದವು. ಐದು ವರ್ಷಗಳ ಮೇಲೆಯೂ ಆ ಚರ್ಮ ಗಟ್ಟಿಯಾಗಿ ನಿಂತಿದೆಯೆಂದು 2021ರಲ್ಲಿ ವರದಿಯಾಯಿತು. ಆ ಬಾಲಕನ ಚಿಕಿತ್ಸೆ ಆರಂಭವಾದ 2015ರಲ್ಲಿಯೇ ಗ್ರೀನ್ ಅವರು ವೃದ್ಧಾಪ್ಯದಲ್ಲಿ ತೀರಿಕೊಂಡರು. ಮೊದಲ ಪ್ರಬಂಧಕ್ಕೂ ಈ ಬಾಲಕನಿಗೂ ನಡುವೆ 40 ವರ್ಷಗಳ ಅಂತರ. ಗುರುವಿನಿಂದ ಶಿಷ್ಯರಿಗೆ, ಖಂಡದಿಂದ ಖಂಡಕ್ಕೆ ವಿದ್ಯೆ ನಡೆದು ಬರಲು ಅಷ್ಟು ಕಾಲ ಬೇಕಾಯಿತು. ಅಷ್ಟೂ ಕಾಲ ಹಿಂದಿನಿಂದ ಯಾರೋ ಅನ್ನವಿಟ್ಟರು.

ಇತ್ತೀಚಿನ ವರ್ಷಗಳಲ್ಲಿ ಫಲ ಇನ್ನೂ ಕೈಗೆಟುಕುವಂತಾಗಿದೆ. ಕೊಲಾಜನ್ನಿನ ಶುದ್ಧಪಾಠವನ್ನು ನಿರುಪದ್ರವಿಯಾಗಿ ಮಾಡಿದ ವೈರಸ್ಸಿನ ಮೂಲಕ ಗಾಯಕ್ಕೆ ಹಚ್ಚುವ ‘ವೈಜುವೆಕ್’ ಎಂಬ ಲೇಪಕ್ಕೆ ಅಮೆರಿಕದ ಸರ್ಕಾರ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. 31 ರೋಗಿಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಆರು ತಿಂಗಳ ಹೊತ್ತಿಗೆ ಈ ಲೇಪ ಹಚ್ಚಿದ ಗಾಯಗಳಲ್ಲಿ ಶೇಕಡಾ 67 ಪೂರ್ಣವಾಗಿ ಮಾಗಿದ್ದವು. ಬರಿಯ ಲೇಪ ಹಚ್ಚಿದವುಗಳಲ್ಲಿ ಮಾಗಿದ್ದು ಶೇಕಡಾ 22. ತಿದ್ದಿದ ಚರ್ಮದ ಹಾಳೆಯನ್ನೇ ಅಂಟಿಸುವ ‘ಜೆವಾಸ್ಕಿನ್’ ಎಂಬ ಚಿಕಿತ್ಸೆಗೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ದೊರೆಯಿತು. ಆದರೆ ಲೇಪದ ಬೆಲೆಯನ್ನು ಕೇಳಿದರೆ ಸಂತೋಷ ಅರ್ಧವಾಗುತ್ತದೆ: ಬಿಡುಗಡೆಯಾದಾಗ ಒಬ್ಬ ರೋಗಿಗೆ ಒಂದು ವರ್ಷಕ್ಕೆ 6 ಲಕ್ಷ ಡಾಲರಿಗೂ ಮಿಗಿಲು. ದಾನದಿಂದ ಮೊಳೆತ ವಿದ್ಯೆ ಪೇಟೆಗೆ ಬಂದು, ಬಡವನ ಮಗುವಿಗೆ ಎಟುಕದಂತಾದರೆ ಅದರ ತಾತ್ಪರ್ಯವೇನು? ಈ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಒಂದು ಯುಕ್ತಿಯನ್ನು ಕೆಲವರು ಕಂಡುಕೊಂಡಿದ್ದಾರೆ. ರೋಗಪೀಡಿತ ಮಕ್ಕಳ ತಂದೆತಾಯಿಗಳು ಕೂಡಿ 2010ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಸಂಶೋಧನಾ ಸಹಾಯಸಂಸ್ಥೆಯೊಂದು, ತಾನು ಕೊಟ್ಟ ಹಣದಿಂದ ಔಷಧ ಸಿದ್ಧವಾಗಿ ಲಾಭ ಬಂದರೆ ತನ್ನ ಪಾಲು ಮರಳಿ ಸಂಶೋಧನೆಗೇ ಬರಬೇಕೆಂದು ಕರಾರು ಮಾಡಿಕೊಳ್ಳುತ್ತದೆ. ಬಿತ್ತನೆಯ ಬೀಜವನ್ನು ಸುಗ್ಗಿಯಲ್ಲಿ ತೆಗೆದಿಡುವ ರೈತನ ವಿವೇಕವಿದು. ಷರತ್ತಿಲ್ಲದ ದಾನವೇ ಶ್ರೇಷ್ಠವೆಂದು ನಾವು ಹೇಳುವುದುಂಟು. ಮಗುವಿನ ಹಿತಕ್ಕಾಗಿ ವಿಧಿಸಿದ ಷರತ್ತು ದಾನಕ್ಕೆ ಕುಂದಲ್ಲವೆಂದು ನನಗೆ ತೋರುತ್ತದೆ.

ಶಿಷ್ಯವೃತ್ತಿ ಮಾಡುವ ಕೆಲಸ ನಿಜವಾಗಿ ಯಾವುದು ಎಂಬುದನ್ನೂ ಹೇಳಬೇಕು. ಅದು ಯಂತ್ರವನ್ನು ಕೊಳ್ಳುವುದಿಲ್ಲ, ಕಟ್ಟಡವನ್ನು ಕಟ್ಟುವುದಿಲ್ಲ, ಕಾಲವನ್ನು ಕೊಳ್ಳುತ್ತದೆ. ತರುಣ ವೈದ್ಯನಿಗೆ ರೋಗಿಗಳ ಸಾಲು, ಸಂಸಾರದ ಭಾರ, ಓದಿನ ಸಾಲದ ಕಂತು ಎಲ್ಲವೂ ಇರುತ್ತವೆ. ವಾರದಲ್ಲಿ ಎರಡು ದಿನವಾದರೂ ಸಂಶೋಧನೆಗೆಂದು ಮೀಸಲಾಗಿ ಕುಳಿತುಕೊಳ್ಳಬೇಕಾದರೆ ಆ ಎರಡು ದಿನದ ಸಂಬಳವನ್ನು ಯಾರಾದರೂ ಕೊಡಬೇಕು. ಇದನ್ನರಿತೇ ಅಮೆರಿಕದಲ್ಲಿ 1964ರಲ್ಲಿ ಹುಟ್ಟಿದ ಚರ್ಮವೈದ್ಯ ಪ್ರತಿಷ್ಠಾನವು ತರುಣ ಸಂಶೋಧಕರಿಗೆ ವೃತ್ತಿಗಳನ್ನು ಕೊಡುತ್ತ ಬಂದಿದೆ. ಮಕ್ಕಳ ಚರ್ಮವೈದ್ಯಕ್ಕೆಂದೇ ಮೀಸಲಾದ ವೃತ್ತಿಯೂ ಅದರಲ್ಲಿ ಸೇರಿದೆ. ಮಕ್ಕಳ ಚರ್ಮವೈದ್ಯರ ಸಂಘವೂ, 2012ರಲ್ಲಿ ಅನೇಕ ಆಸ್ಪತ್ರೆಗಳ ಸಂಶೋಧಕರು ಕೂಡಿ ಕಟ್ಟಿದ ‘ಪೆಡ್ರಾ’ ಎಂಬ ಒಕ್ಕೂಟವೂ ಇದೇ ದಾರಿಯಲ್ಲಿವೆ. ಒಂದು ಆಸ್ಪತ್ರೆಯಲ್ಲಿ ಮೂವರೋ ನಾಲ್ವರೋ ಇರುವ ರೋಗಿಗಳು ಐವತ್ತು ಆಸ್ಪತ್ರೆಗಳಲ್ಲಿ ಕೂಡಿದರೆ ಮಾತ್ರ ಶಾಸ್ತ್ರೀಯ ತೀರ್ಮಾನಕ್ಕೆ ಸಾಕಾಗುವುದರಿಂದ, ವಿರಳ ರೋಗಗಳ ಅಭ್ಯಾಸಕ್ಕೆ ಒಕ್ಕೂಟ ಅನಿವಾರ್ಯ.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿಯುಂಟು. ಕೊಠಡಿ ಕಟ್ಟಿಸಿದವರ ಹೆಸರನ್ನು ಬಾಗಿಲ ಮೇಲಿನ ಕಲ್ಲು ಹೇಳುತ್ತದೆ. ಆ ದಾನ ದೊಡ್ಡದು, ಅದರ ನೆರಳಿನಲ್ಲಿ ಕುಳಿತೇ ನಾವು ಪಾಠ ಹೇಳುತ್ತಿದ್ದೇವೆ. ಶಿಷ್ಯವೃತ್ತಿಗೆ ಅಂಥ ಕಲ್ಲಿಲ್ಲ. ಕೊಟ್ಟ ಹಣ ಓದುವವನ ತಲೆಯೊಳಗೆ ಸೇರಿ ಕಣ್ಮರೆಯಾಗುತ್ತದೆ. ಹತ್ತು ಸಂಶೋಧನೆಗಳಲ್ಲಿ ಹಲವು ವಿಫಲವಾಗುತ್ತವೆ. ಸಫಲವಾದದ್ದೂ ದಾನಿಯ ಜೀವಿತಕಾಲದಲ್ಲಿ ಕಾಣಿಸಿಕೊಳ್ಳದೆ ಹೋಗಬಹುದು. ಆದರೂ, ಕಂಡೂ ಕಾಣದ ಊರಿನ ಮಗುವೊಂದು ಶಾಲೆಗೆ ಹೋಗುವಂತಾದದ್ದು ಇಂಥ ಕಣ್ಮರೆಯಾದ ಹಣದಿಂದ.

ಜೀನ್ ಚಿಕಿತ್ಸೆಯ ಪ್ರಯೋಗಶಾಲೆಯನ್ನು ನಾವು ಸ್ಥಾಪಿಸಲಾರೆವು, ನಿಜ. ಆದರೆ ನಮ್ಮ ಶಾಲೆಯಿಂದ ಹೊರಟು ವೈದ್ಯವಿದ್ಯೆಯನ್ನೋ ದಾದಿಯ ವಿದ್ಯೆಯನ್ನೋ ಕಲಿತ ಮಕ್ಕಳಿದ್ದಾರೆ. ಅವರಲ್ಲೊಬ್ಬರು ಮಕ್ಕಳ ಚರ್ಮರೋಗಗಳನ್ನು ವಿಶೇಷವಾಗಿ ಅಭ್ಯಾಸ ಮಾಡುವೆನೆಂದರೆ, ಎರಡು ವರ್ಷದ ಊಟ, ವಸತಿ, ಪುಸ್ತಕಗಳ ವೆಚ್ಚವನ್ನು ಹೊರುವಷ್ಟು ದತ್ತಿಯನ್ನು ಹತ್ತು ಜನ ಕೂಡಿ ಇಡುವುದು ಅಸಾಧ್ಯವಲ್ಲ. ಗಾಯಕ್ಕೆ ಅಂಟಿಕೊಳ್ಳದ ಬಟ್ಟೆಯನ್ನು ಕಟ್ಟುವ ಕ್ರಮ, ಬೊಬ್ಬೆಯನ್ನು ಶುದ್ಧವಾದ ಸೂಜಿಯಿಂದ ಚುಚ್ಚಿ ನೀರು ತೆಗೆದು ಮೇಲಿನ ಚರ್ಮವನ್ನು ಹಾಗೆಯೇ ಉಳಿಸುವ ಕ್ರಮ, ಮೆತ್ತನೆಯ ಪಾದರಕ್ಷೆಯ ಆಯ್ಕೆ, ಇವನ್ನು ತಾಯಂದಿರಿಗೆ ಕಲಿಸಬಲ್ಲ ಒಬ್ಬ ದಾದಿ ಒಂದು ತಾಲ್ಲೂಕಿಗೆ ದೊರೆತರೂ ಅದು ಸಣ್ಣ ಫಲವಲ್ಲ. ಇದು ಅಂಟುರೋಗವಲ್ಲ ಎಂದು ಅಧಿಕಾರಯುತವಾಗಿ ಹೇಳಬಲ್ಲ ಒಬ್ಬ ವ್ಯಕ್ತಿ ಹತ್ತಿರದಲ್ಲಿದ್ದರೆ ಎಷ್ಟೋ ಪಂಕ್ತಿಗಳಲ್ಲಿ ಖಾಲಿ ಮಣೆಗಳು ತುಂಬಿಯಾವು.

ನನ್ನ ಆ ವಿದ್ಯಾರ್ಥಿ ಪರೀಕ್ಷೆಗಳಲ್ಲಿ ಬರೆಯುವ ಸಹಾಯಕನನ್ನು ಪಡೆದು ಉತ್ತೀರ್ಣನಾಗಿ, ಈಗ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದಾನೆ. ಕೀಲಿಮಣೆಯನ್ನು ಒತ್ತುವುದು ಲೇಖನಿ ಹಿಡಿಯುವುದಕ್ಕಿಂತ ಅವನ ಬೆರಳಿಗೆ ಹಿತ. ಮೊನ್ನೆ ಮದುವೆಯ ಮಾತು ಬಂದಾಗ, ಹುಡುಗಿಯ ಮನೆಯವರಿಗೆ ರೋಗದ ಸ್ವರೂಪವನ್ನೂ, ಸಂತಾನಕ್ಕೆ ಬರಬಹುದಾದ ಅರ್ಧಾಂಶ ಸಂಭವವನ್ನೂ ಮುಚ್ಚಿಡದೆ ತಾನೇ ವಿವರಿಸಿದನೆಂದು ಅವನ ತಂದೆ ಹೇಳಿದರು. ಅವರು ಯೋಚಿಸಿ ಹೇಳುತ್ತೇವೆಂದಿದ್ದಾರೆ. ಅವನ ರೋಗರೂಪಕ್ಕೆ ಬೇರಿನಿಂದ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಅದನ್ನು ಹುಡುಕುವ ಕೆಲಸ ನಡೆದಿದೆ. ಯಾವುದೋ ಊರಿನ ಯಾವುದೋ ಪ್ರಯೋಗಶಾಲೆಯಲ್ಲಿ ಒಬ್ಬ ಶಿಷ್ಯನು ಈ ಹೊತ್ತು ಅದೇ ಅಕ್ಷರದ ಮುಂದೆ ಕುಳಿತಿರಬಹುದು. ಅವನ ನಾಳಿನ ಅನ್ನಕ್ಕೆ ಕೊರತೆಯಾಗದಿರಲಿ, ಅಂಥವನಿಗೆ ವೃತ್ತಿಯನ್ನು ಬಿಡುವ ಬುದ್ಧಿ ಉಳ್ಳವರಿಗೆಲ್ಲ ಬರಲಿ, ನಮ್ಮ ಸಂಸ್ಥೆಯ ಮಕ್ಕಳಲ್ಲಿಯೂ ಒಬ್ಬರು ಆ ಶಿಷ್ಯಪರಂಪರೆಗೆ ಸೇರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.